ಎಂಟು ಗಂಟೆಯ ಹಗಲಿನಲ್ಲಿ ಮೂರು ರಾಜಧಾನಿಗಳು

ಯೂರೋಪಿನ ಭೂಪಟವನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತವರಿಗೆ ಮೊದಲು ಮೋಸ ಮಾಡುವುದು ಆ ಭೂಪಟವೇ. ಲಂಡನ್ನಿನಿಂದ ಪ್ಯಾರಿಸ್ಸಿಗೆ ಒಂದು ಬೆರಳು, ಪ್ಯಾರಿಸ್ಸಿನಿಂದ ಜ್ಯೂರಿಕ್ಕಿಗೆ ಇನ್ನೊಂದು ಬೆರಳು, ಅಲ್ಲಿಂದ ವೆನಿಸ್ಸಿಗೆ ಅರ್ಧ ಬೆರಳು. ಹೀಗೆ ಅಳೆಯುತ್ತ ಹೋದರೆ ಅಂಗೈಯಗಲದಲ್ಲಿ ಹತ್ತು ರಾಜಧಾನಿಗಳು ಸಿಕ್ಕಿಬಿಡುತ್ತವೆ. ಹನ್ನೆರಡು ದಿನದ ರಜೆ, ಹತ್ತು ನಗರ ಎಂಬ ಲೆಕ್ಕ ಕಾಗದದ ಮೇಲೆ ಬಹಳ ಸೊಗಸಾಗಿ ಕೂಡುತ್ತದೆ. ಆದರೆ ಭೂಪಟದಲ್ಲಿ ಹೋಟೆಲಿನ ಮೆಟ್ಟಿಲುಗಳಿಲ್ಲ, ಪೆಟ್ಟಿಗೆಗಳ ಭಾರವಿಲ್ಲ, ರೈಲುನಿಲ್ದಾಣದಲ್ಲಿ ಕಾಯುವ ಮುದುಕರ ಮೊಣಕಾಲು ನೋವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಸೂರ್ಯನಿಲ್ಲ.

ಸಾಮಾನ್ಯ ಮಧ್ಯಮವರ್ಗದ ಸಂಸಾರವೊಂದು ಯೂರೋಪಿಗೆ ಹೋಗುವುದೆಂದರೆ ಅದು ವರ್ಷವರ್ಷವೂ ನಡೆಯುವ ಮಾತಲ್ಲ. ಹಲವು ವರ್ಷಗಳ ಉಳಿತಾಯವನ್ನು ಒಂದೇ ಸಲಕ್ಕೆ ಬಿಚ್ಚುವ ಸಂದರ್ಭ ಅದು. ಅನೇಕರ ಪಾಲಿಗೆ ಮೊದಲನೆಯದೂ ಕೊನೆಯದೂ ಆಗಬಹುದಾದ ಯಾತ್ರೆ. ಮಕ್ಕಳು ದೊಡ್ಡವರಾಗಿ ತಮ್ಮ ದಾರಿ ಹಿಡಿಯುವ ಮೊದಲು, ತಂದೆತಾಯಿಗಳ ಕಾಲಲ್ಲಿ ಕಸುವು ಇರುವಾಗಲೇ, ಎಲ್ಲರೂ ಕೂಡಿ ಹೋಗಿಬರಬೇಕೆಂಬ ಆಸೆ ಅದರ ಹಿಂದೆ ಇರುತ್ತದೆ. ಅಂಥ ಯಾತ್ರೆಯನ್ನು ತಪ್ಪಾಗಿ ಜೋಡಿಸಿಕೊಂಡರೆ ಹಣ ಹೋಗುವುದಷ್ಟೇ ಅಲ್ಲ, ಆ ಅವಕಾಶವೇ ಕೈಬಿಟ್ಟು ಹೋಗುತ್ತದೆ. ಹತ್ತು ನಗರಗಳನ್ನು ಕಂಡೆವೆಂದು ಹೇಳಿಕೊಂಡು ಹಿಂದಿರುಗಿದವರು ವಾಸ್ತವವಾಗಿ ಕಂಡದ್ದು ಹತ್ತು ರೈಲುನಿಲ್ದಾಣಗಳನ್ನು ಎಂಬುದು ಆಮೇಲೆ, ಚಿತ್ರಗಳನ್ನು ನೋಡುತ್ತ ಕುಳಿತಾಗ, ತಿಳಿದುಬರುತ್ತದೆ. “ದೇಶ ಸುತ್ತು, ಕೋಶ ಓದು” ಎಂದ ಹಿರಿಯರು ಒಂದು ಕೋಶದ ಹಾಳೆಗಳನ್ನು ಎಷ್ಟು ವೇಗವಾಗಿ ಮಗುಚಬೇಕೆಂದು ಹೇಳಲಿಲ್ಲ.

ಆದ್ದರಿಂದ ಚಳಿಗಾಲದ ರಜೆಗೆ ಯೂರೋಪಿನ ಹಲವು ನಗರಗಳನ್ನು ಒಂದೇ ದಾರದಲ್ಲಿ ಪೋಣಿಸಬಯಸುವವರು ಮೊದಲು ದಾರವನ್ನು ಆರಿಸಿಕೊಳ್ಳಬೇಕು, ಮಣಿಗಳನ್ನಲ್ಲ. ಅಂಥ ಒಂದು ಗಟ್ಟಿಯಾದ ದಾರ ಮಧ್ಯ ಯೂರೋಪಿನಲ್ಲಿದೆ: ಬುಡಾಪೆಸ್ಟ್, ಪ್ರಾಗ್, ವಿಯೆನ್ನಾ.

ಒಂದೇ ಮನೆಯ ಮೂರು ಅಂಗಳಗಳು

ಈ ಮೂರು ನಗರಗಳು ಇಂದು ಮೂರು ರಾಷ್ಟ್ರಗಳ ರಾಜಧಾನಿಗಳು; ಮೂರು ಭಾಷೆ, ಮೂರು ನಾಣ್ಯ. ಆದರೆ 1918ರವರೆಗೆ ಇವು ಹ್ಯಾಬ್ಸ್‌ಬರ್ಗ್ ಮನೆತನದ ಒಂದೇ ಸಾಮ್ರಾಜ್ಯಕ್ಕೆ ಸೇರಿದ್ದವು. ಮೊದಲ ಮಹಾಯುದ್ಧದ ಕೊನೆಯಲ್ಲಿ ಆ ಸಾಮ್ರಾಜ್ಯ ಒಡೆದುಹೋಯಿತು. ಎರಡನೆಯ ಮಹಾಯುದ್ಧವಾದ ಮೇಲೆ ವಿಯೆನ್ನಾ ಒಂದು ಕಡೆಯೂ ಪ್ರಾಗ್ ಮತ್ತು ಬುಡಾಪೆಸ್ಟ್ ಇನ್ನೊಂದು ಕಡೆಯೂ ಆಗಿ, ನಡುವೆ ಮುಳ್ಳುತಂತಿಯ ಬೇಲಿ ಎದ್ದಿತು. 1989ರಲ್ಲಿ ಹಂಗೇರಿ ಆ ಬೇಲಿಯನ್ನು ಕೀಳತೊಡಗಿತು. 2007ರ ಡಿಸೆಂಬರ್ 21ರಂದು ಹಂಗೇರಿ, ಚೆಕ್ ಮತ್ತು ಸ್ಲೊವಾಕಿಯಾ ದೇಶಗಳು ಷೆಂಗೆನ್ ಒಪ್ಪಂದದ ವ್ಯಾಪ್ತಿಗೆ ಬಂದು, ಗಡಿಯ ಠಾಣೆಗಳಲ್ಲಿ ನಿತ್ಯದ ತಪಾಸಣೆ ಕೊನೆಗೊಂಡಿತು. ಒಂದು ಕಾಲಕ್ಕೆ ಜನ ಪ್ರಾಣವನ್ನೊತ್ತೆಯಿಟ್ಟು ದಾಟುತ್ತಿದ್ದ ಗಡಿಯನ್ನು ಇಂದಿನ ಪ್ರಯಾಣಿಕ ರೈಲಿನ ಕಿಟಕಿಯ ಬಳಿ ಕುಳಿತು, ಕಿತ್ತಳೆ ಸುಲಿಯುತ್ತ, ಅರಿವಿಲ್ಲದೆಯೇ ದಾಟಿಬಿಡುತ್ತಾನೆ.

ದೂರವೂ ಹೆಚ್ಚಿಲ್ಲ. ವಿಯೆನ್ನಾದಿಂದ ಬುಡಾಪೆಸ್ಟಿಗೆ ಸುಮಾರು 250 ಕಿಲೋಮೀಟರು, ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಹೋದಷ್ಟು. ರೈಲಿನಲ್ಲಿ ಎರಡೂಮುಕ್ಕಾಲು ಗಂಟೆಯೊಳಗಿನ ದಾರಿ. ಪ್ರಾಗಿನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ. ಪ್ರಾಗಿಗೂ ಬುಡಾಪೆಸ್ಟಿಗೂ ನೇರವಾಗಿ ಓಡುವ ರೈಲು ಏಳು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಬೆಂಗಳೂರಿನಿಂದ ಹೋಗುವವರು ದಾರಿಯಲ್ಲಿ ಒಮ್ಮೆ ವಿಮಾನ ಬದಲಿಸಬೇಕಾಗುವುದು. ಆಗ ಒಂದು ನಗರದಲ್ಲಿ ಇಳಿದು ಇನ್ನೊಂದು ನಗರದಲ್ಲಿ ವಿಮಾನ ಹತ್ತುವಂತೆ ಟಿಕೀಟು ಕೊಂಡರೆ, ಬಂದ ದಾರಿಯಲ್ಲೇ ಹಿಂದಿರುಗುವ ಒಂದು ಇಡೀ ದಿನ ಉಳಿಯುತ್ತದೆ. ಚಳಿಗಾಲದಲ್ಲಿ ಆ ಒಂದು ದಿನದ ಬೆಲೆ ಎಷ್ಟೆಂಬುದು ಮುಂದೆ ತಿಳಿಯುತ್ತದೆ.

ಸೂರ್ಯನ ಲೆಕ್ಕ

ಬೆಂಗಳೂರಿನಲ್ಲಿ ಡಿಸೆಂಬರ್ 21ರ ಹಗಲು ಹನ್ನೊಂದು ಗಂಟೆಗೂ ಮಿಕ್ಕಿ ಇರುತ್ತದೆ. ವರ್ಷದ ಅತ್ಯಂತ ಚಿಕ್ಕ ದಿನವೆಂದು ಪಂಚಾಂಗ ಹೇಳಿದರೂ ಯಾರ ಗಮನಕ್ಕೂ ಬರುವುದಿಲ್ಲ. ಪ್ರಾಗ್ ನಗರದಲ್ಲಿ ಅದೇ ದಿನ ಬೆಳಗಿನ ಎಂಟಕ್ಕೆ ಸೂರ್ಯೋದಯ, ಸಂಜೆ ನಾಲ್ಕಕ್ಕೆ ಸೂರ್ಯಾಸ್ತ. ಎಂಟೇ ಗಂಟೆಯ ಹಗಲು. ಬುಡಾಪೆಸ್ಟಿನಲ್ಲಿ ಅರ್ಧ ಗಂಟೆ ಮೊದಲು ಬೆಳಕು ಹರಿಯುತ್ತದೆ, ನಾಲ್ಕು ಹೊಡೆಯುವ ಮೊದಲೇ ಕತ್ತಲಾಗುತ್ತದೆ. ಜೂನ್ ತಿಂಗಳಲ್ಲಿ ಇದೇ ಪ್ರಾಗ್ ನಗರಕ್ಕೆ ಹದಿನಾರು ಗಂಟೆಯ ಹಗಲು. ಎಂದರೆ, ಬೇಸಿಗೆಯ ಪ್ರವಾಸಿಗೆ ದೊರೆಯುವ ಬೆಳಕಿನಲ್ಲಿ ಚಳಿಗಾಲದ ಪ್ರವಾಸಿಗೆ ದೊರೆಯುವುದು ಅರ್ಧ ಮಾತ್ರ. ಆ ಅರ್ಧವೂ ಎಷ್ಟೋ ದಿನ ಮೋಡದ ಹಿಂದಿನಿಂದ ಸೋಸಿ ಬರುವ ಬೂದಿಬಣ್ಣದ ಬೆಳಕು.

ಬೇಸಿಗೆಗಾಗಿ ಬರೆದ ಪ್ರವಾಸದ ಪಟ್ಟಿಯನ್ನು ಹಾಗೆಯೇ ಡಿಸೆಂಬರಿಗೆ ಎತ್ತಿಟ್ಟರೆ ಆಗುವ ಅನಾಹುತ ಇದೇ. ಬೆಳಿಗ್ಗೆ ಹತ್ತಕ್ಕೆ ಉಪಾಹಾರ ಮುಗಿಸಿ ಹೊರಟವರು ಒಂದು ಅರಮನೆಯನ್ನು ನೋಡಿ ಹೊರಬರುವಷ್ಟರಲ್ಲಿ ಊರು ಮಬ್ಬಾಗಿರುತ್ತದೆ. ಚಳಿಗಾಲದ ಪ್ರವಾಸಿ ಇಟ್ಟುಕೊಳ್ಳಬೇಕಾದದ್ದು ಎರಡು ಪಟ್ಟಿ: ಒಂದು ಹಗಲಿನದು, ಇನ್ನೊಂದು ದೀಪದ್ದು. ಸೇತುವೆ, ನದಿ, ಗುಡ್ಡದ ಮೇಲಿನ ನೋಟ, ಉದ್ಯಾನ ಇವು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರೂವರೆಯೊಳಗೆ ಮುಗಿಯಬೇಕು. ಸಂತೆ, ಸಂಗೀತ, ಕಾಫಿಗೃಹ, ದೇವಾಲಯದೊಳಗಿನ ಗಾಯನ, ಸಂಜೆ ತಡವಾಗಿ ಮುಚ್ಚುವ ದಿನಗಳಲ್ಲಿ ಚಿತ್ರಶಾಲೆ, ಇವು ಕತ್ತಲಾದ ಮೇಲಿನ ಪಾಲು. ಎರಡು ಪಟ್ಟಿಗಳು ಬೇರೆಯಾದೊಡನೆ ಚಳಿಗಾಲ ಕೊರತೆಯಾಗಿ ಕಾಣುವುದಿಲ್ಲ. ದೀಪದ ಪಟ್ಟಿಯ ಸೊಗಸು ಬೇಸಿಗೆಯ ಪ್ರವಾಸಿಗೆ ದೊರೆಯುವುದೇ ಇಲ್ಲ.

ಹಿಮದ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕ್ರಿಸ್ಮಸ್ ಎಂದರೆ ಹಿಮ ಎಂಬ ಚಿತ್ರವನ್ನು ಶುಭಾಶಯ ಪತ್ರಗಳು ಮಕ್ಕಳ ಮನಸ್ಸಿನಲ್ಲಿ ಬಿಡಿಸಿಟ್ಟಿವೆ. ಈ ಮೂರು ನಗರಗಳೂ ನದೀತೀರದ ತಗ್ಗುಪ್ರದೇಶದಲ್ಲಿರುವುದರಿಂದ ಕ್ರಿಸ್ಮಸ್ಸಿನಂದು ಅಲ್ಲಿ ಹಿಮ ಬಿದ್ದಿರುವುದು ಅಪರೂಪ; ಸೊನ್ನೆಯ ಆಸುಪಾಸಿನ ಚಳಿ, ತುಂತುರು ಮಳೆ, ಮಂಜು ಇವೇ ಸಾಮಾನ್ಯ. ಹಿಮವನ್ನು ಕಾಣಬೇಕೆಂಬ ಮಕ್ಕಳಿಗಾಗಿ ಒಂದು ದಿನವನ್ನು ಬೆಟ್ಟಕ್ಕೆ ಮೀಸಲಿಡಬೇಕೇ ಹೊರತು, ನಗರದ ಮೇಲೆ ಭರವಸೆಯಿಡಬಾರದು.

ಎರಡು ರಾತ್ರಿಗಳ ಪ್ರಶ್ನೆ

ಡಿಸೆಂಬರಿನ ಯಾತ್ರೆಗೆ ಎರಡು ರಾತ್ರಿಗಳೇ ಕಂಬಗಳು: 24ರ ರಾತ್ರಿ ಮತ್ತು 31ರ ರಾತ್ರಿ. ಇವೆರಡನ್ನು ಎಲ್ಲಿ ಕಳೆಯುವುದೆಂದು ತೀರ್ಮಾನವಾದರೆ ಉಳಿದದ್ದೆಲ್ಲ ತಾನಾಗಿ ಕೂಡಿಕೊಳ್ಳುತ್ತದೆ.

ಮಧ್ಯ ಯೂರೋಪಿನಲ್ಲಿ ದೊಡ್ಡ ಹಬ್ಬ 24ರ ಸಂಜೆಯದು, ಮತ್ತು ಅದು ಮನೆಯೊಳಗಿನ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಅಂಗಡಿಗಳು ಬಾಗಿಲು ಹಾಕುತ್ತವೆ, ಬೀದಿಗಳು ಖಾಲಿಯಾಗುತ್ತವೆ. ಬುಡಾಪೆಸ್ಟಿನಲ್ಲಂತೂ ಹಗಲಿನ ಟ್ರಾಮು ಬಸ್ಸುಗಳ ಸಂಚಾರ ಅಂದು ಮಧ್ಯಾಹ್ನಾನಂತರವೇ ಮುಗಿದುಬಿಡುತ್ತದೆ. 25 ಮತ್ತು 26 ಮೂರೂ ದೇಶಗಳಲ್ಲಿ ರಜೆ. ಇದನ್ನು ತಿಳಿಯದೆ ಹೋದ ಸಂಸಾರ ಆ ರಾತ್ರಿ ಹೋಟೆಲಿನ ಕೋಣೆಯಲ್ಲಿ ಬಿಸ್ಕತ್ತು ತಿಂದು ಮಲಗಬೇಕಾದೀತು. ಸಂತೆಗಳ ಲೆಕ್ಕವೂ ಬೇರೆ ಬೇರೆ. ವಿಯೆನ್ನಾದ ದೊಡ್ಡ ಕ್ರಿಸ್ಮಸ್ ಸಂತೆಗಳು ಬಹುಮಟ್ಟಿಗೆ 26ರೊಳಗೆ ಕಳಚಿಕೊಳ್ಳುತ್ತವೆ. ಷೋನ್‌ಬ್ರುನ್ ಅರಮನೆಯ ಮುಂದಿನಂಥ ಕೆಲವು ಮಾತ್ರ ಹೊಸವರ್ಷದ ಸಂತೆಗಳಾಗಿ ಮುಂದುವರಿಯುತ್ತವೆ. ಪ್ರಾಗಿನ ಹಳೆಯ ಪೇಟೆಯ ಚೌಕದ ಸಂತೆಯಾದರೋ ಸಾಮಾನ್ಯವಾಗಿ ಜನವರಿ 6ರವರೆಗೆ ಇರುತ್ತದೆ. ಹೊಸವರ್ಷವನ್ನು ವಿಯೆನ್ನಾದಷ್ಟು ಸಂಭ್ರಮದಿಂದಲೂ ಸಂಗೀತದಿಂದಲೂ ಬರಮಾಡಿಕೊಳ್ಳುವ ಊರು ಇನ್ನೊಂದು ಸಿಕ್ಕುವುದು ಕಷ್ಟ.

ಇವೆಲ್ಲವನ್ನೂ ತೂಗಿದರೆ ಒಂದು ಕ್ರಮ ತಾನೇ ಮೂಡುತ್ತದೆ. ಡಿಸೆಂಬರ್ 18ರಂದು ಬುಡಾಪೆಸ್ಟಿನಲ್ಲಿ ಇಳಿದು ನಾಲ್ಕು ರಾತ್ರಿ. 22ರಂದು ರೈಲಿನಲ್ಲಿ ಪ್ರಾಗಿಗೆ, ಅಲ್ಲಿ ಐದು ರಾತ್ರಿ. 27ರಂದು ವಿಯೆನ್ನಾಕ್ಕೆ, ಅಲ್ಲಿ ಆರು ರಾತ್ರಿ. ಜನವರಿ 2ರಂದು ವಿಮಾನ. ಇದು ಹದಿನೈದು ರಾತ್ರಿಗಳ ಯಾತ್ರೆ.

ಬುಡಾಪೆಸ್ಟ್: ಬಿಸಿನೀರಿನ ಊರು

ಡಾನ್ಯೂಬ್ ನದಿಯ ಒಂದು ದಡದಲ್ಲಿ ಗುಡ್ಡದ ಮೇಲಣ ಬುಡಾ, ಇನ್ನೊಂದು ದಡದಲ್ಲಿ ಬಯಲಿನ ಪೆಸ್ಟ್. ಓಬುಡಾ ಎಂಬ ಹಳೆಯ ಊರೂ ಸೇರಿ 1873ರಲ್ಲಿ ಇವು ಒಂದೇ ನಗರವಾದವು. ಎರಡು ದಡಗಳನ್ನು ಮೊದಲು ಶಾಶ್ವತವಾಗಿ ಬೆಸೆದದ್ದು 1849ರಲ್ಲಿ ತೆರೆದ ಸರಪಳಿ ಸೇತುವೆ. ಹಗಲಿನ ಪಟ್ಟಿಯಲ್ಲಿ ಮೊದಲನೆಯದು ಬುಡಾ ಗುಡ್ಡದ ಮೇಲಿಂದ ಕಾಣುವ ನದಿಯ ನೋಟ. ಎದುರು ದಡದಲ್ಲಿ 96 ಮೀಟರ್ ಎತ್ತರದ ಗುಮ್ಮಟವುಳ್ಳ ಪಾರ್ಲಿಮೆಂಟ್ ಭವನ. ಪೆಸ್ಟಿನ ನೆಲದಡಿಯಲ್ಲಿ ಓಡುವ ಪುಟ್ಟ ಹಳದಿ ರೈಲು 1896ರದು. ಯೂರೋಪ್ ಖಂಡದ ನೆಲದ ಮೇಲೆ ಮೊದಲು ಹುಟ್ಟಿದ ಸುರಂಗ ರೈಲುಮಾರ್ಗ ಅದೇ. ಮಕ್ಕಳಿಗೆ ಅದರ ಮರದ ಕಟಕಟೆಯ ಟಿಕೀಟುಕೋಣೆಗಳನ್ನೂ ಬಿಳಿಯ ಹೆಂಚುಗಳ ಪುಟ್ಟ ನಿಲ್ದಾಣಗಳನ್ನೂ ನೋಡುವುದೇ ಒಂದು ಸಂತೋಷ.

ಆ ರೈಲು ಒಯ್ದು ಬಿಡುವುದು ಸೆಚೆನಿ ಸ್ನಾನಗೃಹದ ಬಾಗಿಲಿಗೆ. 1913ರಲ್ಲಿ ತೆರೆದ ಈ ಹಳದಿ ಅರಮನೆಯಂಥ ಕಟ್ಟಡದ ಅಂಗಳದಲ್ಲಿ, ಭೂಗರ್ಭದಿಂದ ಬರುವ ಬಿಸಿನೀರಿನ ಕೊಳಗಳು ಆಕಾಶಕ್ಕೆ ತೆರೆದುಕೊಂಡಿವೆ. ಹೊರಗೆ ಸೊನ್ನೆಯ ಚಳಿ. ನೀರಿನ ಮೇಲೆ ದಟ್ಟವಾದ ಹಬೆ. ಹಬೆಯ ನಡುವೆ ಎದೆಯುದ್ದ ನೀರಿನಲ್ಲಿ ನಿಂತು ಚದುರಂಗವಾಡುವ ವೃದ್ಧರು. ಅಭ್ಯಂಜನದ ಸುಖವನ್ನು ಬಲ್ಲ ನಾಡಿನಿಂದ ಹೋದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೃದ್ರೋಗವುಳ್ಳವರು ಮಾತ್ರ ಊರಲ್ಲೇ ವೈದ್ಯರನ್ನು ಕೇಳಿಕೊಂಡು ಹೋಗುವುದು ಕ್ಷೇಮ.

ಪಾರ್ಲಿಮೆಂಟಿನಿಂದ ದಕ್ಷಿಣಕ್ಕೆ ನದಿಯಂಚಿನಲ್ಲಿ ನಡೆದರೆ ಕಲ್ಲುಕಟ್ಟೆಯ ಮೇಲೆ ಅರವತ್ತು ಜೊತೆ ಜೋಡುಗಳು ಕಾಣುತ್ತವೆ. ಗಂಡಸರವು, ಹೆಂಗಸರವು, ಮಕ್ಕಳವು, ಎಲ್ಲವೂ ಕಬ್ಬಿಣದವು. 1944–45ರ ಚಳಿಗಾಲದಲ್ಲಿ ಹಂಗೇರಿಯ ನಾಟ್ಸಿ ಪಕ್ಷದವರು ಯಹೂದಿಗಳನ್ನು ಈ ದಡಕ್ಕೆ ತಂದು, ಜೋಡುಗಳನ್ನು ಬಿಚ್ಚಿಸಿ, ಗುಂಡಿಟ್ಟು ನದಿಗೆ ಕೆಡವಿದರು. 2005ರಲ್ಲಿ ಸ್ಥಾಪಿಸಿದ ಸ್ಮಾರಕವಿದು. ಆ ವರ್ಷ ಕ್ರಿಸ್ಮಸ್ಸಿನ ದಿನಗಳಲ್ಲಿಯೇ ಸೋವಿಯತ್ ಸೈನ್ಯ ನಗರವನ್ನು ಸುತ್ತುಗಟ್ಟಿತು. ಫೆಬ್ರವರಿ 13ರಂದು ಮುತ್ತಿಗೆ ಮುಗಿಯುವಷ್ಟರಲ್ಲಿ ಡಾನ್ಯೂಬಿನ ಸೇತುವೆಗಳೆಲ್ಲ ನೀರಿಗೆ ಕುಸಿದಿದ್ದವು. ಸರಪಳಿ ಸೇತುವೆ ಮತ್ತೆ ತೆರೆದದ್ದು 1949ರಲ್ಲಿ, ಅದರ ನೂರನೆಯ ವರ್ಷಕ್ಕೆ. ಕ್ರಿಸ್ಮಸ್ ದೀಪಗಳ ನಡುವೆ ಇಂಥದನ್ನು ಮಕ್ಕಳಿಗೆ ತೋರಿಸಬೇಕೆ ಎಂದು ತಾಯಿತಂದೆಗಳು ಅಳುಕುವುದು ಸಹಜ. ಆದರೆ ಅದನ್ನು ಬಿಟ್ಟು ಬಂದರೆ ಆ ದೀಪಗಳ ಬೆಲೆಯೂ ಅರ್ಥವಾಗುವುದಿಲ್ಲ. ಆ ಕಬ್ಬಿಣದ ಜೋಡುಗಳೊಳಗೆ ಇಂದಿಗೂ ಯಾರೋ ಹೂವನ್ನಿಟ್ಟು ಹೋಗುತ್ತಾರೆ.

ಭಾರತೀಯರಿಗೆ ಈ ಊರಿನೊಡನೆ ಒಂದು ನಂಟೂ ಉಂಟು. ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಇಲ್ಲಿಯೇ, 1913ರ ಜನವರಿಯಲ್ಲಿ, ತಾಯಿ ಹಂಗೇರಿಯಾಕೆ. ರವೀಂದ್ರನಾಥ ಠಾಕೂರರು 1926ರಲ್ಲಿ ಹೃದಯದ ಚಿಕಿತ್ಸೆಗಾಗಿ ಬಾಲಾಟನ್ ಸರೋವರದ ದಡದ ಬಾಲಾಟನ್‌ಫ್ಯೂರೆಡ್ ಎಂಬಲ್ಲಿ ತಂಗಿದ್ದು, ಅಲ್ಲೊಂದು ಸಸಿಯನ್ನು ನೆಟ್ಟರು.

ಪ್ರಾಗಿಗೆ ಹೊರಡುವ ದಿನ ಬೆಳಗಿನ ರೈಲನ್ನೇ ಹಿಡಿಯಬೇಕು. ಎಡಗಡೆಯ ಕಿಟಕಿಯಲ್ಲಿ ಕೂರಬೇಕು. ಬುಡಾಪೆಸ್ಟ್ ದಾಟಿದ ಮೇಲೆ ಒಂದು ಗಂಟೆಯ ಕಾಲ ಡಾನ್ಯೂಬ್ ನದಿ ಗುಡ್ಡಗಳ ನಡುವೆ ಬಳಸಿ ತಿರುಗುವುದು ಅಲ್ಲಿಂದ ಕಾಣುತ್ತದೆ. ಕೊನೆಗೆ ಆಚೆ ದಡದಲ್ಲಿ ಎಸ್ಟರ್ಗೋಮ್ ಊರಿನ ಮಹಾಚರ್ಚಿನ ಗುಮ್ಮಟ. ಮಧ್ಯಾಹ್ನದ ರೈಲಿನಲ್ಲಿ ಹೊರಟವರಿಗೆ ಸಿಕ್ಕುವುದು ಏಳು ಗಂಟೆಯ ಪ್ರಯಾಣ ಮತ್ತು ಕಿಟಕಿಯ ಗಾಜಿನಲ್ಲಿ ತಮ್ಮದೇ ಮುಖ.

ಪ್ರಾಗ್: ಸಂತೆ ಮತ್ತು ಮೀನು

ನಾಲ್ಕನೆಯ ಚಾರ್ಲ್ಸ್ ದೊರೆ 1357ರಲ್ಲಿ ಅಡಿಗಲ್ಲಿಟ್ಟ ಸೇತುವೆ ವ್ಲ್ಟಾವಾ ನದಿಯ ಮೇಲೆ ಇಂದಿಗೂ ನಿಂತಿದೆ. ಉದ್ದ 516 ಮೀಟರು, ಎರಡು ಬದಿಗೆ ಮೂವತ್ತು ಮೂರ್ತಿಗಳು. ಹಗಲು ಹನ್ನೊಂದಕ್ಕೆ ಅಲ್ಲಿ ಕಾಲಿಡಲು ಜಾಗವಿರದು. ಚಳಿಗಾಲದ ಪ್ರವಾಸಿಗೆ ಇಲ್ಲೊಂದು ಅನುಕೂಲವಿದೆ: ಸೂರ್ಯೋದಯವೇ ಎಂಟಕ್ಕೆ ಆಗುವುದರಿಂದ, ಬೇಸಿಗೆಯವರಂತೆ ನಸುಕಿನ ಐದಕ್ಕೆ ಏಳದೆಯೇ ಅರುಣೋದಯದ ಸೇತುವೆಯನ್ನು ಕಾಣಬಹುದು. ಮಂಜಿನಲ್ಲಿ ಮೂರ್ತಿಗಳು ಒಂದೊಂದಾಗಿ ಮೂಡಿಬರುವ ಆ ಅರ್ಧ ಗಂಟೆಗೆ ಟಿಕೀಟೂ ಇಲ್ಲ, ಸರದಿಯೂ ಇಲ್ಲ.

ಸೇತುವೆಯಾಚೆಯ ಗುಡ್ಡದ ಮೇಲೆ ಕೋಟೆ. ಅದರೊಳಗೆ 1344ರಲ್ಲಿ ಆರಂಭವಾಗಿ 1929ರಲ್ಲಿ ಮುಗಿದ ಸಂತ ವಿಟಸನ ಮಹಾದೇವಾಲಯ. ಕೋಟೆಯ ಮಗ್ಗುಲಿನ ಹೊನ್ನಗಲ್ಲಿಯ ಒಂದು ಗುಬ್ಬಚ್ಚಿಮನೆಯಲ್ಲಿ ಕಾಫ್ಕಾ 1916–17ರ ಚಳಿಗಾಲದ ಸಂಜೆಗಳಲ್ಲಿ ಕುಳಿತು ಕಥೆಗಳನ್ನು ಬರೆದ. ಈಚೆ ದಡದ ಹಳೆಯ ಪೇಟೆಯಲ್ಲಿ 1410ರ ಖಗೋಳ ಗಡಿಯಾರ ಇಂದಿಗೂ ನಡೆಯುತ್ತಿದೆ. ಅದು ಗಂಟೆಯನ್ನಷ್ಟೇ ಅಲ್ಲ, ಸೂರ್ಯಚಂದ್ರರು ಯಾವ ರಾಶಿಯಲ್ಲಿದ್ದಾರೆಂಬುದನ್ನೂ ತೋರಿಸುತ್ತದೆ. ಪಂಚಾಂಗ ಬಲ್ಲ ಅಜ್ಜಂದಿರು ಅದರ ಮುಂದೆ ಮೊಮ್ಮಕ್ಕಳಿಗಿಂತ ಹೆಚ್ಚು ಹೊತ್ತು ನಿಂತಾರು.

ಅದೇ ಚೌಕದಲ್ಲಿ ಸಂತೆ. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ಕಂಡವರಿಗೆ ಕ್ರಿಸ್ಮಸ್ ಸಂತೆಯ ಒಳಗುಟ್ಟು ಬೇಗ ತಿಳಿಯುತ್ತದೆ. ಅಲ್ಲಿಯೂ ಕೊಳ್ಳುವುದು ನೆಪ, ಕೂಡುವುದು ಮುಖ್ಯ. ಮರದ ಪುಟ್ಟ ಅಂಗಡಿಗಳು, ಕೆಂಡದ ಮೇಲೆ ಹುರಿದ ಚೆಸ್ಟ್‌ನಟ್ ಬೀಜಗಳ ಪೊಟ್ಟಣ, ಮಸಾಲೆ ಹಾಕಿ ಕುದಿಸಿದ ದ್ರಾಕ್ಷಾರಸ, ಮಕ್ಕಳಿಗೆ ಬಿಸಿಯಾದ ಹಣ್ಣಿನ ಪಾನಕ. ವಿಯೆನ್ನಾದ ಸಂತೆಗಳಲ್ಲಿ ಪಿಂಗಾಣಿಯ ಬಟ್ಟಲಿಗೆ ಠೇವಣಿ ಕೊಡಬೇಕು. ಬಟ್ಟಲನ್ನು ಹಿಂದಿರುಗಿಸಿದರೆ ಹಣ ವಾಪಸು, ಇಟ್ಟುಕೊಂಡರೆ ಅದೇ ನೆನಪಿನ ಕಾಣಿಕೆ.

ಕ್ರಿಸ್ಮಸ್ಸಿಗೆ ಕೆಲವು ದಿನ ಮುಂಚಿನಿಂದ ಪ್ರಾಗಿನ ಬೀದಿಗಳಲ್ಲಿ ದೊಡ್ಡ ತೊಟ್ಟಿಗಳು ಕಾಣಿಸಿಕೊಳ್ಳುತ್ತವೆ. ಅವುಗಳಲ್ಲಿ ಜೀವಂತ ಕಾರ್ಪ್ ಮೀನುಗಳು. ಚೆಕ್ ಜನರ 24ರ ರಾತ್ರಿಯ ಊಟ ಈ ಮೀನಿಲ್ಲದೆ ಆಗದು. ಕೆಲವರು ಮೀನನ್ನು ಜೀವಸಹಿತ ಮನೆಗೊಯ್ದು ಸ್ನಾನದ ತೊಟ್ಟಿಯಲ್ಲಿ ಬಿಟ್ಟುಕೊಳ್ಳುತ್ತಾರೆ. ಮಕ್ಕಳು ಅದಕ್ಕೆ ಹೆಸರಿಟ್ಟು, ಆಮೇಲೆ ಅದನ್ನು ಕೊಲ್ಲಗೊಡದೆ ಹಟ ಹಿಡಿಯುವುದೂ ಉಂಟು. ಅದರ ಒಂದು ಹುರುಪೆಯನ್ನು ಹಣದ ಚೀಲದಲ್ಲಿಟ್ಟುಕೊಂಡರೆ ವರ್ಷವಿಡೀ ಲಕ್ಷ್ಮಿ ಒಲಿಯುವಳೆಂಬ ನಂಬಿಕೆ. ಬೀದಿಯಲ್ಲೇ ಮೀನನ್ನು ಕತ್ತರಿಸಿ ಕೊಡುವುದರಿಂದ ಸಸ್ಯಾಹಾರಿ ಮನೆಯ ಮಕ್ಕಳಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು. ಉಡುಗೊರೆ ತರುವವನು ಇಲ್ಲಿ ಗಡ್ಡದ ಮುದುಕನಲ್ಲ, ಬಾಲಯೇಸು. ಆಸ್ಟ್ರಿಯಾ, ಹಂಗೇರಿಗಳಲ್ಲಿಯೂ ಹಾಗೆಯೇ. ಸಾಮ್ರಾಜ್ಯ ಒಡೆದರೂ ಮಕ್ಕಳ ನಂಬಿಕೆ ಒಡೆಯಲಿಲ್ಲ.

24ರ ರಾತ್ರಿ ಮತ್ತು ಅದರ ಮುಂದಿನ ದಿನಗಳಲ್ಲಿ ಅನೇಕ ಚರ್ಚುಗಳಲ್ಲಿ ಯಾನ್ ಯಾಕುಬ್ ರಿಬಾ 1796ರಲ್ಲಿ ರಚಿಸಿದ ಚೆಕ್ ಕ್ರಿಸ್ಮಸ್ ಪೂಜಾಗೀತವನ್ನು ಹಾಡುತ್ತಾರೆ. ರಿಬಾ ಸಣ್ಣ ಊರೊಂದರ ಶಾಲಾ ಉಪಾಧ್ಯಾಯ. ಲ್ಯಾಟಿನ್ನಿನ ಬದಲು ಜನರ ಮಾತಿನಲ್ಲಿಯೇ ಕುರುಬರ ಕಥೆಯನ್ನು ಹಾಡಿಸಿದ. ಅಂದು ರಾತ್ರಿ ಅಂಗಡಿಗಳೆಲ್ಲ ಮುಚ್ಚಿದ್ದರೂ ಚರ್ಚಿನ ಬಾಗಿಲು ತೆರೆದಿರುತ್ತದೆ. ಕೋಟು ಬಿಚ್ಚದೆ, ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ಕುಳಿತು ಕೇಳುವ ಪರದೇಶಿಯನ್ನು ಯಾರೂ ಬೇಡವೆನ್ನುವುದಿಲ್ಲ.

ವಿಯೆನ್ನಾ: ಹೊಸವರ್ಷದ ಗಂಟೆ

ವಿಯೆನ್ನಾಕ್ಕೆ ಆರು ರಾತ್ರಿಗಳೇಕೆ ಎಂದು ಕೇಳಬಹುದು. ಒಂದು ದಿನ ಬೆಟ್ಟಕ್ಕೆ. 1848ರಿಂದ 1854ರವರೆಗೆ ಕಾರ್ಲ್ ಫಾನ್ ಘೇಗಾ ಎಂಬ ಇಂಜಿನಿಯರು ಕಟ್ಟಿಸಿದ ಸೆಮ್ಮರಿಂಗ್ ರೈಲುಮಾರ್ಗ ಆಲ್ಪ್ಸ್ ಪರ್ವತದ ಅಂಚನ್ನು ಸುರಂಗ ಮತ್ತು ಎರಡಂತಸ್ತಿನ ಕಮಾನು ಸೇತುವೆಗಳ ಮೂಲಕ ಹತ್ತುತ್ತದೆ. 1998ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಟ್ಟ ಇಳಿದವರಿಗೆ ಇದರ ಶ್ರಮ ಅರ್ಥವಾಗುತ್ತದೆ. ಮೇಲಿನ ಕಣಿವೆ ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ. ನಗರದಲ್ಲಿ ಸಿಗದ ಹಿಮ ಅಲ್ಲಿ ಸಿಗುವ ಸಂಭವ ಹೆಚ್ಚು. ಬೆಳಿಗ್ಗೆ ಹೋಗಿ ಕತ್ತಲಿಗೆ ಹಿಂದಿರುಗಬಹುದು.

ಅಲ್ಲಿಯೂ ಹಿಮ ಬೀಳದಿದ್ದರೆ, ವಿಯೆನ್ನಾದ ಕಲಾ ಇತಿಹಾಸದ ಚಿತ್ರಶಾಲೆಯಲ್ಲಿ ಎಂದೂ ಕರಗದ ಹಿಮವೊಂದಿದೆ. ಪೀಟರ್ ಬ್ರಾಯ್ಗಲ್ 1565ರಲ್ಲಿ ಬರೆದ “ಹಿಮದಲ್ಲಿ ಬೇಟೆಗಾರರು” ಎಂಬ ಚಿತ್ರ ಅಲ್ಲಿರುವುದು. ಬೆಟ್ಟವಿಳಿದು ಬರುವ ದಣಿದ ಬೇಟೆಗಾರರು, ಸೊರಗಿದ ನಾಯಿಗಳು; ಕೆಳಗೆ ಹೆಪ್ಪುಗಟ್ಟಿದ ಕೊಳದಲ್ಲಿ ಜಾರಿ ಆಡುವ ಪುಟ್ಟ ಪುಟ್ಟ ಜನ. ಚಳಿಗಾಲದ ಕಷ್ಟವೂ ಸಂತೋಷವೂ ಒಂದೇ ಹಲಗೆಯ ಮೇಲೆ ಹೀಗೆ ಒಟ್ಟಿಗೆ ಕೂಡಿದ್ದು ಬೇರೆಲ್ಲೂ ಇಲ್ಲವೆನ್ನಬಹುದು.

ದಣಿದವರಿಗೆ ಕಾಫಿಗೃಹಗಳಿವೆ. ಬೆಳ್ಳಿಯ ಬಣ್ಣದ ಪುಟ್ಟ ತಟ್ಟೆಯಲ್ಲಿ ಕಾಫಿ, ಪಕ್ಕದಲ್ಲಿ ಒಂದು ಲೋಟ ನೀರು. ಒಂದು ಬಟ್ಟಲಿಗೆ ಎರಡು ಗಂಟೆ ಕುಳಿತು ಪತ್ರಿಕೆ ಓದಿದರೂ ಏಳಿರೆಂದು ಯಾರೂ ಹೇಳುವುದಿಲ್ಲ. ಸಸ್ಯಾಹಾರಿಗಳಿಗೆ ಮೂರು ಊರುಗಳಲ್ಲೂ ಉಪವಾಸವೇನೂ ಇಲ್ಲ: ಬುಡಾಪೆಸ್ಟಿನಲ್ಲಿ ಬೆಳ್ಳುಳ್ಳಿ ಸವರಿದ ಲಾಂಗೋಶ್ ಎಂಬ ದಪ್ಪ ಪೂರಿ, ಪ್ರಾಗಿನಲ್ಲಿ ಕರಿದ ಚೀಸು, ವಿಯೆನ್ನಾದಲ್ಲಿ ಸೇಬಿನ ಸ್ಟ್ರೂಡೆಲ್. ಸಾರಿಗೆ ಮಾಂಸದ ರಸ ಹಾಕಿದೆಯೇ, ಹಿಟ್ಟಿಗೆ ಮೊಟ್ಟೆ ಹಾಕಿದೆಯೇ ಎಂದು ಕೇಳಿ ತಿಳಿಯುವುದೊಂದು ಬಾಕಿ.

ಸಂಗೀತದ ಮಾತು. ಹೊಸವರ್ಷದ ಪ್ರಸಿದ್ಧ ಕಚೇರಿಯ ಟಿಕೀಟುಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಅದಕ್ಕೆ ಹೆಸರು ನೋಂದಾಯಿಸಬೇಕಾದದ್ದು ಹಿಂದಿನ ಫೆಬ್ರವರಿಯಲ್ಲಿ. ಆ ಅದೃಷ್ಟವಿಲ್ಲದವರಿಗೆ ರಾಷ್ಟ್ರೀಯ ಆಪೆರಾ ಭವನದ ನಿಂತು ನೋಡುವ ಟಿಕೀಟುಗಳಿವೆ. ಬೆಲೆ ಅಗ್ಗ, ಕೊಳ್ಳುವುದು ಅಂದಂದೇ. ಕಟಕಟೆಗೆ ಒಂದು ವಸ್ತ್ರವನ್ನು ಕಟ್ಟಿದರೆ ಆ ಜಾಗ ನಿಮ್ಮದೆಂದು ಎಲ್ಲರೂ ಒಪ್ಪುತ್ತಾರೆ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿ ಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ.

31ರ ನಡುರಾತ್ರಿ ಸಂತ ಸ್ಟೀಫನ್ನನ ದೇವಾಲಯದ ಪುಮ್ಮರಿನ್ ಎಂಬ ಮಹಾಗಂಟೆ ಮೊಳಗುತ್ತದೆ. ಇಪ್ಪತ್ತು ಟನ್ನಿಗೂ ಮಿಕ್ಕಿದ ಗಂಟೆಯದು. ಅದರ ಹಿಂದೆಯೇ ರೇಡಿಯೋದಲ್ಲಿ ಡಾನ್ಯೂಬ್ ನದಿಯ ಹೆಸರಿನ ವಾಲ್ಟ್ಸ್ ತೇಲಿಬರುತ್ತದೆ. ಬೀದಿಯಲ್ಲಿ ಗುರುತು ಪರಿಚಯವಿಲ್ಲದವರು ಕೈಹಿಡಿದು ಸುತ್ತುತ್ತಾರೆ. ಆ ಗಂಟೆಯ ಕಥೆ ತಿಳಿದವರಿಗೆ ಅದರ ದನಿ ಬೇರೆಯಾಗಿಯೇ ಕೇಳುತ್ತದೆ. ಹಳೆಯ ಗಂಟೆಯನ್ನು 1711ರಲ್ಲಿ, ಮುತ್ತಿಗೆ ಹಾಕಿ ಸೋತು ಹೋದ ತುರ್ಕರು ಬಿಟ್ಟ ಫಿರಂಗಿಗಳ ಲೋಹದಿಂದ ಎರಕ ಹೊಯ್ದಿದ್ದರು. 1945ರ ಏಪ್ರಿಲಿನಲ್ಲಿ ದೇವಾಲಯ ಹೊತ್ತಿ ಉರಿದಾಗ ಅದು ಕೆಳಗೆ ಬಿದ್ದು ಒಡೆಯಿತು. ಆ ಚೂರುಗಳನ್ನೇ ಕರಗಿಸಿ 1951ರಲ್ಲಿ ಎರೆದ ಹೊಸ ಗಂಟೆ 1952ರಲ್ಲಿ ಊರಿಗೆ ಬಂತು. ಜನವರಿ 1ರ ಕಚೇರಿಯ ಪರಂಪರೆಗೂ ಕತ್ತಲಿನ ಬೇರು ಇದೆ: ಮೊದಲ ಕಚೇರಿ ನಡೆದದ್ದು 1939ರ ಡಿಸೆಂಬರ್ 31ರಂದು, ನಾಟ್ಸಿ ಆಳ್ವಿಕೆಯಲ್ಲಿ, ಅದರ ಹಣ ಹೋದದ್ದು ನಾಟ್ಸಿಗಳ ಚಳಿಗಾಲದ ನಿಧಿಗೆ. ಇಂದು ಲೋಕವೇ ಕೇಳಿ ತಲೆದೂಗುವ ಇಂಪು ಅಂಥ ನೆಲದಿಂದಲೂ ಎದ್ದು ಬಂದಿದೆ.

ಕಾಗದ, ಕಾಸು, ಕಂಬಳಿ

ಈ ಮೂರೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ತಂಗುವ ದೇಶದ ರಾಯಭಾರ ಕಚೇರಿಗೆ ಅರ್ಜಿ ಸಲ್ಲಬೇಕು. ದಿನಗಳು ಸಮವಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಮೇಲಿನ ಕ್ರಮದಲ್ಲಿ ಹೋಗುವವರಿಗೆ ಅದು ಆಸ್ಟ್ರಿಯಾ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹದಿನೈದು ದಿನ ಮುಂಚಿನವರೆಗೆ ಅರ್ಜಿ ಹಾಕಬಹುದು. ಡಿಸೆಂಬರಿನ ನೂಕುನುಗ್ಗಲಿಗೆ ಬೇಗ ಹಾಕಿದಷ್ಟೂ ಲೇಸು. 2024ರ ಜೂನಿನಲ್ಲಿ ವಯಸ್ಕರ ಶುಲ್ಕವನ್ನು 90 ಯೂರೋಗಳಿಗೆ ಏರಿಸಲಾಯಿತು. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ವೃದ್ಧರಿದ್ದರೆ ಹಳೆಯ ಕಾಯಿಲೆಗಳೂ ಅದರಲ್ಲಿ ಸೇರಿವೆಯೇ ಎಂದು ನೋಡಬೇಕು. 2025ರ ಅಕ್ಟೋಬರಿನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ತೆಗೆದುಕೊಳ್ಳುವ ಹೊಸ ಪದ್ಧತಿ ಆರಂಭವಾಗಿರುವುದರಿಂದ ಇಳಿದ ದಿನ ಸರದಿಗೆ ಹೊತ್ತು ಬೇಕು. ಆಸ್ಟ್ರಿಯಾದಲ್ಲಿ ಯೂರೋ, ಪ್ರಾಗಿನಲ್ಲಿ ಕೊರುನಾ, ಬುಡಾಪೆಸ್ಟಿನಲ್ಲಿ ಫೋರಿಂಟ್ ನಾಣ್ಯ. ಬೀದಿಯಲ್ಲಿ ನೋಟು ಬದಲಿಸಿಕೊಡುವೆನೆಂದು ಬರುವವರನ್ನು ದೂರವಿಡಬೇಕು.

ಬಟ್ಟೆಯ ವಿಷಯದಲ್ಲಿ ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರಗಳು ಮೇಲು. ಮನೆಗಳ, ರೈಲುಗಳ ಒಳಗೆ ಬೆಚ್ಚಗಿರುವುದರಿಂದ ತೆಗೆದು ಹಾಕುವ ಕೆಲಸ ದಿನವಿಡೀ ಇರುತ್ತದೆ. ಕೋಟಿಗಿಂತ ಮುಖ್ಯವಾದದ್ದು ಜೋಡು. ಮೂರು ಊರುಗಳ ಹಳೆಯ ಬೀದಿಗಳೂ ಕಲ್ಲುಹಾಸಿನವು, ಒದ್ದೆಯಾದರೆ ಜಾರುತ್ತವೆ.

ಹದಿನೈದು ದಿನಗಳ ರಜೆ ಎಲ್ಲರಿಗೂ ಸಿಗುವುದಿಲ್ಲ. ಹತ್ತೇ ದಿನ ಇರುವವರು ಮೂರು ನಗರಗಳನ್ನೂ ಹಿಂಡಿ ಹತ್ತರೊಳಗೆ ತುರುಕಬಾರದು, ಒಂದನ್ನು ಬಿಟ್ಟುಬಿಡಬೇಕು. ಯಾವುದನ್ನು ಬಿಡುವುದೆಂಬುದು ಆಯಾ ಮನೆಯವರ ಪ್ರಶ್ನೆ. ಸಂಗೀತ ಪ್ರಿಯವಾದ ಮನೆ ಬುಡಾಪೆಸ್ಟನ್ನು ಬಿಟ್ಟೀತು; ಮೊಣಕಾಲು ನೋವಿನ ಅಜ್ಜಿಯಿರುವ ಮನೆ ಬಿಸಿನೀರಿನ ಊರನ್ನು ಇಟ್ಟುಕೊಂಡು ಗುಡ್ಡ ಹತ್ತಿಸುವ ಪ್ರಾಗನ್ನು ಬಿಟ್ಟೀತು. ಸಾಲ್ಸ್‌ಬರ್ಗ್, ವೆನಿಸ್, ಮ್ಯೂನಿಕ್ ಎಂಬ ಹೆಸರುಗಳು ಎಲ್ಲರನ್ನೂ ಕರೆಯುತ್ತಲೇ ಇರುತ್ತವೆ. ಅವನ್ನು ಬೇಡವೆನ್ನುವ ಧೈರ್ಯವಿಲ್ಲದವರಿಗೆ ಒಳ್ಳೆಯ ಪ್ರವಾಸ ಸಿದ್ಧಿಸುವುದಿಲ್ಲ.

ಎಂಟು ಗಂಟೆಯ ಹಗಲು ಕಲಿಸುವ ಪಾಠವೇ ಅದು. ಬೇಸಿಗೆಯ ಸೂರ್ಯ ಧಾರಾಳಿ; ಎಲ್ಲವನ್ನೂ ಕಾಣಬಹುದೆಂಬ ಭ್ರಮೆ ಹುಟ್ಟಿಸುತ್ತಾನೆ. ಚಳಿಗಾಲದ ಸೂರ್ಯ ಕೈಬಿಗಿ. ಇಷ್ಟೇ ಇದೆ, ಏನು ಬೇಕೋ ಆರಿಸಿಕೋ ಎನ್ನುತ್ತಾನೆ. ಆರಿಸಿಕೊಂಡ ಸಂಸಾರಕ್ಕೆ ಒಂದು ನದಿಯ ತಿರುವು, ಒಂದು ಗಂಟೆಯ ನಾದ, ಕಬ್ಬಿಣದ ಜೋಡಿನಲ್ಲಿಟ್ಟ ಒಂದು ಹೂವು ಬಹುಕಾಲ ಉಳಿಯುತ್ತದೆ. ಅಷ್ಟು ಉಳಿದರೆ, ಹಲವು ವರ್ಷ ಕೂಡಿಟ್ಟ ಹಣ ಸಾರ್ಥಕವಾಯಿತೆನ್ನಬಹುದು.